ಬೀದಿಯ ಕಪ್ಪು–ಬಿಳುಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಗಳೂರು, ಉಡುಪಿಯ ಪೇಟೆ ಬದುಕನ್ನು ಕಪ್ಪು–ಬಿಳುಪಿನಲ್ಲಿ ಹಿಡಿಯಲು ಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೆಲವು ಪ್ರಶ್ನೆ ಕ್ಯಾಮೆರಾದ್ದು, ಕೆಲವು ಎದುರಿಗಿರುವ ಮನುಷ್ಯರದ್ದು. ಮೊದಲನೆಯದು ಎರಡಕ್ಕೂ ಸೇರಿದ್ದು, ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಗರದ ಬಡತನ–ಸಿರಿತನದ ಅಂತರ ತೋರಿಸಬೇಕೆಂದು ಚಿನ್ನದಂಗಡಿಯ ದೊಡ್ಡ ಹೋರ್ಡಿಂಗ್ ಕೆಳಗೆ ಮಲಗಿದ್ದವರ ಫೋಟೋ ತೆಗೆದೆ. ನೋಡಿದವರೆಲ್ಲ ‘ಇಂಥದ್ದು ಬೇಕಾದಷ್ಟು ನೋಡಿದ್ದೇವೆ’ ಎಂದರು. ಎಲ್ಲಿ ತಪ್ಪಿದೆ? — ವಿದ್ಯಾರ್ಥಿನಿ, ಹಂಪನಕಟ್ಟೆ

ಬೆಳಕಿನಲ್ಲಿ ತಪ್ಪಿಲ್ಲ, ಜೋಡಣೆಯಲ್ಲಿದೆ. ಮೇಲೆ ಜಾಹೀರಾತಿನ ನಗುಮುಖ, ಕೆಳಗೆ ನಿದ್ದೆಹೋದ ಬಡವ. ಇವರಿಬ್ಬರ ನಡುವೆ ಸಂಬಂಧವೇ ಇಲ್ಲ. ಒಂದು ಅಚ್ಚಾದ ಚಿತ್ರ, ಇನ್ನೊಂದು ಬೇಡ ಎನ್ನಲೂ ಆಗದ ಸ್ಥಿತಿಯಲ್ಲಿರುವ ಜೀವ. ಅವರು ಯಾರು, ಏನು ಕೆಲಸ ಮಾಡಿ ದಣಿದು ಮಲಗಿದ್ದಾರೆ ಎಂಬುದು ಫೋಟೋದಲ್ಲಿ ಎಲ್ಲೂ ಇಲ್ಲ. ನೋಡುವವರಿಗೆ ಸಿಗುವುದು ಮೊದಲೇ ಗೊತ್ತಿದ್ದ ತೀರ್ಪು ಮಾತ್ರ.

ಅಂತರ ನಿಜವಾಗಿ ಕಾಣುವುದು ಎರಡು ಬಗೆಯ ಜನ ಒಂದೇ ಜಾಗವನ್ನು ಬೇರೆ ಬೇರೆ ಹಕ್ಕಿನಿಂದ ಬಳಸುವಾಗ. ಕದ್ರಿ, ಬಿಜೈ, ಫಳ್ನೀರ್ ಕಡೆಯ ಅಪಾರ್ಟ್‌ಮೆಂಟ್ ಗೇಟುಗಳ ಎದುರು ಬೆಳಿಗ್ಗೆ ನಿಂತು ನೋಡಿ. ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸುವ ಹೆಂಗಸು, ಒಳಗೆ ಬಿಡಲೋ ಬೇಡವೋ ಎಂದು ನಿಂತ ಕಾವಲುಗಾರ, ಮೇಲಿನಿಂದ ಬಂಗುಡೆಯ ದರ ಕೇಳುವವರು: ಮೂವರೂ ಎಚ್ಚರವಿದ್ದಾರೆ, ಮೂವರಿಗೂ ಒಬ್ಬರಿಂದೊಬ್ಬರಿಗೆ ಏನೋ ಆಗಬೇಕಿದೆ. ಬಂದರಿನ ಗೋದಾಮುಗಳಲ್ಲಿ ಮೂಟೆ ಹೊರುವವರೂ ಲೆಕ್ಕ ಬರೆಯುವವರೂ ಒಂದೇ ಬಾಗಿಲಲ್ಲಿ ದಾಟುತ್ತಾರೆ. ದಕ್ಕೆಯಲ್ಲಿ ಮೀನಿನ ಏಲಂ ನಡೆಯುವಾಗ ಕೂಗುವವರು, ಕೊಳ್ಳುವವರು, ಹೊರುವವರು ಒಂದೇ ಸುತ್ತಿನೊಳಗೆ ಇರುತ್ತಾರೆ. ಮಣಿಪಾಲದ ಟೈಗರ್ ಸರ್ಕಲ್ ಸುತ್ತ ವಿದ್ಯಾರ್ಥಿಗಳೂ ಘಟ್ಟದ ಮೇಲಿನಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಒಂದೇ ಅಂಗಡಿಯ ಚಹಾ ಕುಡಿಯುತ್ತಾರೆ. ಇಲ್ಲೆಲ್ಲ ಕೈಗಳನ್ನು ಗಮನಿಸಿ: ಯಾರು ಹಿಡಿದಿದ್ದಾರೆ, ಯಾರು ಚಾಚಿದ್ದಾರೆ, ಯಾರ ಕೈ ಜೇಬಿನಲ್ಲಿದೆ. ಸಂಬಂಧ ಮುಖಕ್ಕಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ.

ತೆಗೆಯುವ ಕ್ರಮದಲ್ಲಿ ಮೂರು ಬದಲಾವಣೆ ಮಾಡಿ. ಮೊದಲನೆಯದು, ದೂರದ್ದನ್ನು ಹತ್ತಿರ ಎಳೆಯುವ ಟೆಲಿ ಲೆನ್ಸ್ ಬಿಟ್ಟು ಅಗಲ ನೋಟದ 28 ಅಥವಾ 35 ಮಿ.ಮೀ. ಹಿಡಿಯಿರಿ. 200 ಮಿ.ಮೀ.ನಲ್ಲಿ ದೂರದಿಂದ ಎಳೆದರೆ ಹಿನ್ನೆಲೆ ಮಂಜಾಗಿ, ವ್ಯಕ್ತಿ ಯಾವ ಊರಿನಲ್ಲಿ, ಯಾರ ಎದುರು ನಿಂತಿದ್ದಾರೆ ಎಂಬುದೇ ಅಳಿಸಿಹೋಗುತ್ತದೆ. ಸಾಮಾಜಿಕ ಅಂತರದ ಚಿತ್ರದಲ್ಲಿ ಹಿನ್ನೆಲೆಯೇ ಅರ್ಧ ವಿಷಯ. ಎರಡನೆಯದು ಕ್ಯಾಮೆರಾದ ಎತ್ತರ. ನೆಲದಲ್ಲಿ ಕುಳಿತವರ ಕಣ್ಣು ಸುಮಾರು 70–80 ಸೆಂ.ಮೀ. ಎತ್ತರದಲ್ಲಿರುತ್ತದೆ. ನಿಂತುಕೊಂಡೇ ಕ್ಲಿಕ್ ಮಾಡಿದರೆ ತಲೆ ದೊಡ್ಡದಾಗಿ, ದೇಹ ಕುಗ್ಗಿ, ಅವರು ಇದ್ದುದಕ್ಕಿಂತ ಸಣ್ಣವರಾಗಿ ಕಾಣುತ್ತಾರೆ. ಮೊಣಕಾಲೂರಿ, ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ತನ್ನಿ. ಆಗ ನಿಂತಿರುವ ಗಿರಾಕಿಯನ್ನು ನೋಡುವವರು ಕುಳಿತವರ ಕಡೆಯಿಂದ ನೋಡುತ್ತಾರೆ. ಮೂರನೆಯದು, ಕಾಲಿನವರೆಗೂ ಚೌಕಟ್ಟಿನಲ್ಲಿ ಬರಲಿ. ಚಪ್ಪಲಿ, ಬೂಟು, ಬರಿಗಾಲು, ರಬ್ಬರ್ ಗಂಬೂಟು ಹೇಳುವುದನ್ನು ಯಾವ ಹೋರ್ಡಿಂಗೂ ಹೇಳುವುದಿಲ್ಲ.

ಫೋಕಸ್ ಆಗುವಷ್ಟರಲ್ಲಿ ಎದುರಿನ ಘಳಿಗೆ ಮುಗಿದಿರುತ್ತದೆ. ನನ್ನಲ್ಲಿರುವುದು ಕ್ಯಾಮೆರಾ ಜೊತೆ ಬಂದ 18–55 ಲೆನ್ಸ್ ಮಾತ್ರ. — ಓದುಗರು, ಕಾಪು

ಆ ಲೆನ್ಸ್ ಧಾರಾಳ ಸಾಕು. ಆಟೋಫೋಕಸ್ ಬಂದ್ ಮಾಡಿ, ದೂರವನ್ನು ಮೊದಲೇ ನಿಗದಿ ಮಾಡಿಟ್ಟುಕೊಳ್ಳುವ ಹಳೆಯ ಕ್ರಮ ನಿಮ್ಮ ಕಷ್ಟಕ್ಕೆ ಮದ್ದು. ಎಪಿಎಸ್–ಸಿ ಸೆನ್ಸರಿನ (ಫಿಲ್ಮ್ ಚೌಕಟ್ಟಿಗಿಂತ ಸಣ್ಣ ಸೆನ್ಸರ್) ಕ್ಯಾಮೆರಾದಲ್ಲಿ ಲೆನ್ಸನ್ನು 18 ಮಿ.ಮೀ.ಗೆ ಇಟ್ಟು, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್ 8 ಮಾಡಿ, 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು 1 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 28 ಮಿ.ಮೀ., ಎಫ್ 8, ಫೋಕಸ್ 2.5 ಮೀಟರ್ ಇಟ್ಟರೆ ಸುಮಾರು 1.4ರಿಂದ 10 ಮೀಟರ್, 35 ಮಿ.ಮೀ.ನಲ್ಲಿ 3 ಮೀಟರಿಗೆ ಇಟ್ಟರೆ 1.9ರಿಂದ 7 ಮೀಟರ್.

ಈ ಲೆನ್ಸುಗಳಲ್ಲಿ ಹೆಚ್ಚಿನವಕ್ಕೆ ದೂರದ ಗುರುತು ಇರುವುದಿಲ್ಲ. ಮನೆಯ ಗೋಡೆಯಿಂದ ಟೇಪ್ ಹಿಡಿದು 2 ಮೀಟರ್ ಅಳೆದು, ಆಟೋಫೋಕಸ್‌ನಲ್ಲಿ ಗೋಡೆಗೆ ಫೋಕಸ್ ಮಾಡಿ, ಆಮೇಲೆ ಮ್ಯಾನುವಲ್‌ಗೆ ಬದಲಿಸಿ. ಫೋಕಸ್ ರಿಂಗ್ ಅಲುಗದಂತೆ ಸಣ್ಣ ಟೇಪ್ ತುಂಡು ಅಂಟಿಸಿ. ಕೆಲವು ಕ್ಯಾಮೆರಾಗಳು ಆಫ್ ಮಾಡಿದಾಗ ಫೋಕಸನ್ನು ಮರೆತುಬಿಡುತ್ತವೆ. ನಿಮ್ಮದೂ ಹಾಗೆಯೇ ಆದರೆ ಆಫ್ ಮಾಡದೆ ಸ್ಲೀಪ್‌ಗೆ ಬಿಡಿ, ಅಥವಾ ಆನ್ ಮಾಡಿದಾಗಲೆಲ್ಲ ಮತ್ತೆ ಹೊಂದಿಸಿ.

ಶಟರ್ ವೇಗ ನಡೆಯುವವರಿಗೆ ಕನಿಷ್ಠ 1/250 ಸೆಕೆಂಡ್, ಹತ್ತಿರದಿಂದ ಹಾಯುವವರಿಗೆ 1/500. ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) ಆಟೋ ಇಟ್ಟು ಮೇಲಿನ ಮಿತಿ 3200 ಮಾಡಿ. ಕಪ್ಪು–ಬಿಳುಪಿನಲ್ಲಿ ಬಣ್ಣದ ಚುಕ್ಕೆಗಳು ಕಾಣುವುದಿಲ್ಲ, ಉಳಿಯುವ ಮರಳಿನಂಥ ಕಾಳು ಕಣ್ಣಿಗೆ ಚುಚ್ಚುವುದಿಲ್ಲ. ಅಲುಗಿದ ಕೈ ಮಾತ್ರ ಚುಚ್ಚುತ್ತದೆ. ಮಾರುಕಟ್ಟೆಯ ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ ಅಡ್ಡ ಪಟ್ಟೆಗಳು ಬಂದರೆ ಗಾಬರಿ ಬೇಡ. ನಮ್ಮ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಹೋಗಿ, ವೇಗ 1/100 ಇಡಿ.

ಹಂಚಿನ ಮಾಡು, ಹಿಂದಿನ ತೆಂಗಿನ ಮರ, ಎದುರು ನಿಂತವರ ಸೀರೆ ಎಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ಕಣ್ಣಿಗೆ ಅಷ್ಟು ಚಂದ ಕಂಡದ್ದು ಫೋಟೋದಲ್ಲಿ ಸಪ್ಪೆ. — ಓದುಗರು, ಜೆಪ್ಪು

ಕೆಂಪು ಹಂಚು, ಹಸಿರು ಗರಿ ಬಣ್ಣದಲ್ಲಿ ಬೇರೆ ಬೇರೆ, ಹೊಳಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದರೆ ಉಳಿಯುವುದು ಹೊಳಪು ಮಾತ್ರ. ನಿಮ್ಮ ಜೆಪ್ಪುವಿನಲ್ಲೇ 1865ರಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು; ಕರಾವಳಿಯಲ್ಲಿ ಫೋಟೋ ತೆಗೆಯುವವರಿಗೆ ಈ ಕೆಂಪು–ಹಸಿರಿನ ತೊಡಕು ತಪ್ಪಿದ್ದಲ್ಲ.

ಡಿಜಿಟಲ್ ಆದರೆ ರಾ ಫೈಲ್‌ನಲ್ಲಿ (ಸೆನ್ಸರಿನ ಸಂಸ್ಕರಿಸದ ಮಾಹಿತಿ) ತೆಗೆಯಿರಿ. ಕ್ಯಾಮೆರಾದ ಪರದೆಯನ್ನು ಮೊನೋಕ್ರೋಮ್‌ಗೆ ಇಟ್ಟರೆ ಸ್ಥಳದಲ್ಲೇ ಬೂದಿಯ ಮಟ್ಟ ಕಾಣುತ್ತದೆ, ಬಣ್ಣದ ಮಾಹಿತಿ ರಾ ಫೈಲಿನಲ್ಲಿ ಹಾಗೇ ಉಳಿಯುತ್ತದೆ. ಆಮೇಲೆ ಕಪ್ಪು–ಬಿಳುಪಿಗೆ ಬದಲಿಸುವಾಗ ‘ಡಿಸ್ಯಾಚುರೇಟ್’ ಒತ್ತಬೇಡಿ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸ್ಲೈಡರ್ ಇರುವ ವಿಧಾನ ಆರಿಸಿ. ಕೆಂಪು ಮತ್ತು ಕಿತ್ತಳೆಯನ್ನು 20–30 ಏರಿಸಿ, ಹಸಿರು ಮತ್ತು ಹಳದಿಯನ್ನು ಅಷ್ಟೇ ಇಳಿಸಿದರೆ ಮಾಡು ಬೆಳಗಿ, ಮರ ಹಿಂದೆ ಸರಿಯುತ್ತದೆ. ನೀಲಿಯನ್ನು ಮಾತ್ರ ತೀರಾ ಇಳಿಸಬೇಡಿ. ಆಕಾಶ ಕಪ್ಪಾಗುತ್ತದೆ ನಿಜ, ಜೊತೆಗೆ ಕಟ್ಟಡದ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಆಕಾಶದ ತುಂಬ ಕಾಳು ಏಳುತ್ತದೆ. ಜೆಪೆಗ್‌ನಲ್ಲಿ ಬಣ್ಣದ ಮಾಹಿತಿ ಹಿಂಡಿಹೋಗಿರುವುದರಿಂದ ಚೌಕ ಚೌಕವಾಗಿ ಒಡೆಯಲೂಬಹುದು.

ಫಿಲ್ಮ್ ಆದರೆ ಹಳದಿ ಫಿಲ್ಟರ್‌ಗೆ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು), ಗಾಢ ಕೆಂಪು 25ಕ್ಕೆ ಮೂರು ಸ್ಟಾಪ್ ಹೆಚ್ಚು ಬೆಳಕು ಬೇಕು. ಬೀದಿಯಲ್ಲಿ ಕೆಂಪು ಫಿಲ್ಟರ್ ಹಾಕಿದರೆ ಶಟರ್ ವೇಗ ಕೈಕೊಡುತ್ತದೆ. ಹಳದಿಯೇ ಸಾಕು.

ಬಿಳಿ ಮುಂಡು ಉಟ್ಟವರ ಫೋಟೋದಲ್ಲಿ ಮುಖ ಕಪ್ಪಾಗುತ್ತದೆ. ಮುಖ ಸರಿಮಾಡಿದರೆ ಬಟ್ಟೆ ಸುಟ್ಟುಹೋಗುತ್ತದೆ. — ಹವ್ಯಾಸಿ, ಉಡುಪಿ

ಕ್ಯಾಮೆರಾದ ಮೀಟರ್ ಎದುರಿರುವುದನ್ನೆಲ್ಲ ನಡುಮಟ್ಟದ ಬೂದಿಗೆ ಎಳೆಯಲು ನೋಡುತ್ತದೆ. ಚೌಕಟ್ಟಿನ ಅರ್ಧಭಾಗ ಬಿಳಿ ಬಟ್ಟೆಯೋ ಸುಣ್ಣದ ಗೋಡೆಯೋ ಇದ್ದರೆ ಅದನ್ನು ಬೂದಿ ಮಾಡಲು ಬೆಳಕು ಕಡಿಮೆ ಮಾಡುತ್ತದೆ, ಮುಖ ಮುಳುಗುತ್ತದೆ. ಇಂಥಲ್ಲಿ ಎಕ್ಸ್‌ಪೋಶರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ, ಹಿಸ್ಟೋಗ್ರಾಂನ (ಕಪ್ಪಿನಿಂದ ಬಿಳಿಯವರೆಗಿನ ಹೊಳಪಿನ ನಕ್ಷೆ) ಬಲತುದಿ ಚೌಕದ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಇದ್ದರೆ ಮುಖಕ್ಕೇ ಹಿಡಿಯಿರಿ: ಕಪ್ಪು ಮೈಬಣ್ಣಕ್ಕೆ ಅರ್ಧದಿಂದ ಒಂದು ಸ್ಟಾಪ್ ಇಳಿಸಬೇಕು, ಬೆಳ್ಳಗಿನ ಮುಖಕ್ಕೆ ಒಂದು ಸ್ಟಾಪ್ ಏರಿಸಬೇಕು. ನೆತ್ತಿಯ ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಹೊಂದುವುದೇ ಇಲ್ಲ. ಆಗ ಅಂಗಡಿಯ ಜಗಲಿಗೋ ಮಾಡಿನ ಕೆಳಗಿನ ನೆರಳಿಗೋ ಸರಿದು ನಿಲ್ಲಿ. ಬಿಸಿಲು ಬಿದ್ದ ಕಾಂಕ್ರೀಟ್ ನೆಲ ಕೆಳಗಿನಿಂದ ಬೆಳಕನ್ನು ಮುಖಕ್ಕೆ ಎಸೆಯುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಮೈಬಣ್ಣ ಸಾಫ್ಟ್‌ವೇರಿನ ಕಿತ್ತಳೆ ಸ್ಲೈಡರಿನಲ್ಲಿ ಕೂತಿರುತ್ತದೆ. ಅದನ್ನು 15–25 ಏರಿಸಿದರೆ ಮುಖದ ಒಳಗಿನ ವಿವರ ತೆರೆಯುತ್ತದೆ. ಬಹಳ ಮಂದಿ ಮಾಡುವುದು ತಿರುಗಾಮುರುಗ: ಕೂಲಿಯವರ, ಮುದುಕರ ಮುಖಕ್ಕೆ ಸಣ್ಣ ವಿವರಗಳನ್ನು ಗಡುಸು ಮಾಡುವ ‘ಕ್ಲ್ಯಾರಿಟಿ’ 60ರವರೆಗೆ ಏರಿಸಿ, ಕಿತ್ತಳೆ ಇಳಿಸಿ, ಸುಕ್ಕುಗಳನ್ನು ಕಲ್ಲಿನ ಬಿರುಕಿನಂತೆ ಮಾಡುತ್ತಾರೆ. ಅದೇ ಕೈ ಮದುವೆ ಫೋಟೋದ ಮುಖಗಳನ್ನು ನಯ ಮಾಡುತ್ತದೆ. ಇದು ಅಂತರವನ್ನು ತೋರಿಸುವುದಲ್ಲ, ಹುಟ್ಟಿಸುವುದು. ಒಂದು ಚೌಕಟ್ಟಿನಲ್ಲಿ ಇಬ್ಬರಿದ್ದರೆ ಇಬ್ಬರ ಮುಖಕ್ಕೂ ಒಂದೇ ಅಳತೆಯ ಸಂಸ್ಕರಣೆ ಇರಲಿ. ಕ್ಲ್ಯಾರಿಟಿ 10–15 ದಾಟುವ ಅಗತ್ಯ ಬೀಳುವುದು ತೀರಾ ವಿರಳ. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪು–ಬಿಳುಪು ಚಿತ್ರಗಳನ್ನು ಸಿಕ್ಕಲ್ಲೆಲ್ಲ ನೋಡಿ. ಬಡವರ ಮಕ್ಕಳೂ ಅಲ್ಲಿ ಮಕ್ಕಳಾಗಿಯೇ ಇರುತ್ತಾರೆ.

ಯಾವ ಹೊತ್ತು ಒಳ್ಳೆಯದು? — ಓದುಗರು, ಸುರತ್ಕಲ್

ಮಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6.55ಕ್ಕೆ, ಜೂನ್‌ನಲ್ಲಿ 6.05ಕ್ಕೆ. ಹುಟ್ಟಿ ಎರಡು ಗಂಟೆಯ ಹೊತ್ತಿಗೆ ನೆರಳು ಆಳಿನ ಎತ್ತರದ ಸುಮಾರು ಎರಡು ಪಟ್ಟು ಉದ್ದವಿರುತ್ತದೆ. ಶಾಲೆ, ಕಚೇರಿ, ಕೂಲಿ, ಮೀನು ಎಲ್ಲ ಬೀದಿಯಲ್ಲಿರುವ ಹೊತ್ತೂ ಅದೇ. ನಾವು ದೇಶದ ಪಶ್ಚಿಮ ಅಂಚಿನಲ್ಲಿರುವುದರಿಂದ ಗಡಿಯಾರದ 12ಕ್ಕೆ ನಮ್ಮ ನಡುಹಗಲಲ್ಲ, ಸುಮಾರು 12.30ಕ್ಕೆ. ಏಪ್ರಿಲ್ ಕೊನೆಯ ವಾರದ ಆಸುಪಾಸಿನಲ್ಲಿ ಆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆರಳು ಕಾಲಡಿ ಸೇರಿ, ಕಣ್ಣಿನ ಗುಳಿಗಳು ಕಪ್ಪು ತೂತುಗಳಾಗುತ್ತವೆ. ಆಗ ಮುಖದ ಆಸೆ ಬಿಟ್ಟು ಕೊಡೆ, ಚಪ್ಪರ, ತಲೆಯ ಮೇಲಿನ ಹೊರೆಗಳನ್ನು ನೋಡಿ.

ಉಡುಪಿಯ ರಥಬೀದಿ ದೇವಸ್ಥಾನಗಳನ್ನು ಸುತ್ತುವರಿದ ಚೌಕವಾದ ಕಾರಣ ಬೆಳಿಗ್ಗೆಯೂ ಸಂಜೆಯೂ ಒಂದು ಬದಿ ಬಿಸಿಲು, ಎದುರು ಬದಿ ನೆರಳು. ಬಿಸಿಲು–ನೆರಳಿನ ಗಡಿಯಲ್ಲಿ ನಿಂತು, ಬಿಸಿಲಿಗೆ ಎಕ್ಸ್‌ಪೋಶರ್ ನಿಗದಿ ಮಾಡಿ ಕಾಯಿರಿ: ಐಎಸ್‌ಒ 400, ಎಫ್ 16, 1/400, ಅಥವಾ ಎಫ್ 8, 1/1600. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಪರ್ಯಾಯದ ದಿನ ಎಲ್ಲ ಕ್ಯಾಮೆರಾಗಳೂ ಪಲ್ಲಕ್ಕಿಯ ಕಡೆ ತಿರುಗಿರುತ್ತವೆ. ಪಾತ್ರೆ ತೊಳೆಯುವವರು, ಗುಡಿಸುವವರು, ಬಲೂನು ಮಾರುವವರು ಅಲ್ಲೇ ಹತ್ತು ಹೆಜ್ಜೆ ಹಿಂದೆ ಇರುತ್ತಾರೆ.

ಮಳೆಗಾಲದ ಬೆಳಕನ್ನು ಕೆಟ್ಟದೆಂದು ಬಿಡಬೇಡಿ. ದಟ್ಟ ಮೋಡಕ್ಕೆ ಎಫ್ 8, 1/400, ಐಎಸ್‌ಒ 800. ಜೋರು ಮಳೆಗೆ 1600. ಬಿಳಿ ಆಕಾಶ ಚೌಕಟ್ಟಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇದ್ದರೆ ಚಿತ್ರ ಬೋಳಾಗುತ್ತದೆ. ಕ್ಯಾಮೆರಾ ಕೆಳಗೆ ಮಾಡಿ, ಒದ್ದೆ ರಸ್ತೆಯ ಹೊಳಪನ್ನು ಒಳಗೆ ತನ್ನಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಯಾರು ಕೊಡೆ ಬಿಚ್ಚುತ್ತಾರೆ, ಯಾರು ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಾರೆ, ಯಾರು ಕಾರಿನ ಗಾಜು ಏರಿಸುತ್ತಾರೆ ಎಂಬುದನ್ನು ಮಳೆ ಒಂದೇ ನಿಮಿಷದಲ್ಲಿ ವಿಂಗಡಿಸಿ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯಲ್ಲೂ ಮಲ್ಪೆಯಲ್ಲೂ ಏಲಂನ ಗದ್ದಲ ಸಿಗದು. ಬಲೆ ನೇಯುವ, ದೋಣಿ ರಿಪೇರಿಯ, ಕೆಲಸವಿಲ್ಲದ ದಿನಗಳ ಚಿತ್ರಕ್ಕೆ ಅದೇ ಕಾಲ.

ಫೋಟೋ ತೆಗೆಯಲು ಅನುಮತಿ ಬೇಕೇ? ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡುವ ಮಗುವಿನ ಚಿತ್ರ ತೆಗೆದಿದ್ದೇನೆ, ಸ್ಪರ್ಧೆಗೆ ಕಳಿಸಬಹುದೇ? — ಓದುಗರು, ಬಂಟ್ವಾಳ

ಕಳಿಸಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಭಿಕ್ಷೆ ಬೇಡುತ್ತಿರುವ, ಬೀದಿಯಲ್ಲಿ ಬದುಕುವ, ಕಾನೂನು ಮೀರಿ ದುಡಿಸಲಾಗುತ್ತಿರುವ ಮಕ್ಕಳು ರಕ್ಷಣೆ ಮತ್ತು ಪೋಷಣೆ ಬೇಕಾದ ಮಕ್ಕಳು. ಅಂಥವರ ಗುರುತು ತಿಳಿಯುವ ಚಿತ್ರ ಪ್ರಕಟಿಸುವುದನ್ನು 74ನೇ ಕಲಂ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಣ್ಣಿಗೆ ಕಪ್ಪುಪಟ್ಟಿ ಹಾಕಿದರೆ ಸಾಲದು. ಬಟ್ಟೆ, ಜಾಗ, ಜೊತೆಗಿರುವವರಿಂದಲೂ ಗುರುತು ಸಿಗುತ್ತದೆ. ಕಾನೂನು ಇರದಿದ್ದರೂ ನಮ್ಮ ಉತ್ತರ ಇದೇ ಆಗುತ್ತಿತ್ತು. ಮಗುವಿಗೆ ನಿಮ್ಮ ಬಹುಮಾನಕ್ಕಿಂತ 1098 ಮಕ್ಕಳ ಸಹಾಯವಾಣಿಗೆ ಹೋಗುವ ಒಂದು ಕರೆ ಉಪಯೋಗಕ್ಕೆ ಬರುತ್ತದೆ.

ವಯಸ್ಕರ ವಿಷಯ ಬೇರೆ. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯುವುದನ್ನೇ ನಿಷೇಧಿಸುವ ಸಾಮಾನ್ಯ ಕಾನೂನಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಸ್ನಾನ, ಬಟ್ಟೆ ಬದಲಾವಣೆಯಂಥ ಖಾಸಗಿ ಘಳಿಗೆಯಲ್ಲಿರುವ ಹೆಂಗಸಿನ ಚಿತ್ರ ತೆಗೆಯುವುದು ಅಪರಾಧ. ಮನೆಯೇ ಬೀದಿಯಾದವರ ವಿಷಯದಲ್ಲಿ ಇದನ್ನು ಇನ್ನಷ್ಟು ನೆನಪಿಡಬೇಕು. ಮಾಲ್, ಅಪಾರ್ಟ್‌ಮೆಂಟ್ ಆವರಣ ಖಾಸಗಿ ಜಾಗ. ಬಂದರು, ವಿಮಾನ ನಿಲ್ದಾಣ, ದೇವಸ್ಥಾನದ ಒಳಗೆ ಅಲ್ಲಲ್ಲಿನ ನಿಯಮ ಕೇಳಿಕೊಂಡೇ ಹೋಗಿ.

ಕೇಳುವುದರಿಂದ ಸಹಜತೆ ಹಾಳಾಗುತ್ತದೆ ಎಂಬ ಭಯ ಅರ್ಧ ಮಾತ್ರ ನಿಜ. ‘ಅಕ್ಕಾ, ಒಂಜಿ ಪೊಟೊ ದೆಪ್ಪೊಲಿಯಾ?’ ಎಂದು ತುಳುವಿನಲ್ಲಿ ಕೇಳಿ, ಒಪ್ಪಿದರೆ ಮೊದಲ ಎರಡು–ಮೂರು ಫ್ರೇಮುಗಳಲ್ಲಿ ಅವರು ಕ್ಯಾಮೆರಾ ನೋಡುತ್ತಾರೆ. ಅಲ್ಲೇ ಹತ್ತು ನಿಮಿಷ ನಿಲ್ಲಿ. ಗಿರಾಕಿ ಬಂದ ಕೂಡಲೇ ಅವರು ನಿಮ್ಮನ್ನು ಮರೆಯುತ್ತಾರೆ, ಬೇಕಾದ ಚಿತ್ರ ಆಗ ಸಿಗುತ್ತದೆ. ಬೇಡ ಎಂದರೆ ಕ್ಯಾಮೆರಾ ಇಳಿಸಿ. ಅಳಿಸಿ ಎಂದರೆ ಅವರೆದುರೇ ಅಳಿಸಿ. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಗೆ ಅಡ್ಡ ನಿಲ್ಲಬಾರದು. ಮತ್ತೆ ಅದೇ ಜಾಗಕ್ಕೆ ಹೋಗುವಾಗ 4×6 ಪ್ರಿಂಟ್ ಒಂದನ್ನು ಕೊಂಡೊಯ್ಯಿರಿ.

ಮೊಬೈಲ್‌ನಲ್ಲೇ ಸಾಧ್ಯವೇ? — ಓದುಗರು, ಕಾರ್ಕಳ

ಸಾಧ್ಯ. ಹಲವು ಚಿತ್ರ ಬೆರೆಸಿ ಬೆಳಕು–ನೆರಳು ಸಮ ಮಾಡುವ ಎಚ್‌ಡಿಆರ್ ಬಂದ್ ಮಾಡಿ. ಅದು ನೆರಳನ್ನೆಲ್ಲ ಎತ್ತಿ ಚಿತ್ರವನ್ನು ಚಪ್ಪಟೆ ಮಾಡುತ್ತದೆ. ಬೆಳಕಿರುವ ಜಾಗವನ್ನು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಸ್ವಲ್ಪ ಇಳಿಸಿ. ಜೂಮ್ ಮಾಡಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ.

ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಜೇಡರ ಬಲೆಯಂಥ ಗೆರೆಗಳು ಬಂದಿವೆ. — ಓದುಗರು, ಮಲ್ಪೆ

ಅದು ಶಿಲೀಂಧ್ರ. ಗಾಳಿಯ ತೇವಾಂಶ ವಾರಗಟ್ಟಲೆ ಶೇ 70ರ ಮೇಲಿದ್ದು, ಲೆನ್ಸ್ ಕತ್ತಲಲ್ಲಿ, ಚರ್ಮದ ಕೇಸಿನಲ್ಲಿ ಕೂತರೆ ಬೆಳೆಯುತ್ತದೆ. ಬೇಗ ಶುಚಿ ಮಾಡಿಸಿ. ಬಿಟ್ಟರೆ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗದು. ಮುಂದಕ್ಕೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಸಣ್ಣ ತೇವಮಾಪಕ ಇಟ್ಟು, ಶೇ 40–50ರ ನಡುವೆ ಇರಿಸಿ. ನೀಲಿ ಜೆಲ್ ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ; 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್ ಬಳಸಬೇಡಿ. ಎಸಿ ಕೋಣೆಯಿಂದ ಹೊರಗೆ ಹೊರಟರೆ ಕ್ಯಾಮೆರಾವನ್ನು ಬ್ಯಾಗಿನಲ್ಲೇ 20–30 ನಿಮಿಷ ಬಿಡಿ, ಗಾಜಿನ ಮೇಲೆ ಹನಿ ಕಟ್ಟುವುದಿಲ್ಲ.

ಮನೆಯಲ್ಲೇ ಫಿಲ್ಮ್ ತೊಳೆಯುತ್ತೇನೆ. ನಲ್ಲಿಯ ನೀರೇ 29 ಡಿಗ್ರಿ. — ಓದುಗರು, ಕುಂದಾಪುರ

20 ಡಿಗ್ರಿಗೆ ಹಟ ಹಿಡಿಯಬೇಡಿ, 24ಕ್ಕೆ ಇಳಿಸಿ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ–11 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 1+1 ಅಳತೆಯಲ್ಲಿ, ಅಂದರೆ ಸಮಪಾಲು ನೀರು ಬೆರೆಸಿ, 20 ಡಿಗ್ರಿಗೆ 13 ನಿಮಿಷ. 24ಕ್ಕೆ ಸುಮಾರು 9. ಬೆರೆಸದ ಡೆವಲಪರ್‌ನಲ್ಲಾದರೆ 20 ಡಿಗ್ರಿಗೇ ಏಳೂವರೆ ನಿಮಿಷ, ಬಿಸಿ ಹೆಚ್ಚಿದಂತೆ 5 ನಿಮಿಷದ ಹತ್ತಿರ ಬಂದು ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಆದ್ದರಿಂದ ನಮ್ಮ ಸೆಕೆಗೆ 1+1 ಸೂಕ್ತ. ಮಂಜುಗಡ್ಡೆಯನ್ನು ಡೆವಲಪರಿಗೆ ಹಾಕಬೇಡಿ, ತೆಳುವಾಗುತ್ತದೆ. ಬಕೆಟಿನ ನೀರಿಗೆ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ) ಮತ್ತು ತೊಳೆಯುವ ನೀರೂ ಅದೇ ಬಕೆಟಿನಲ್ಲಿರಲಿ, ಡೆವಲಪರಿಗೂ ಅವಕ್ಕೂ 5 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಮಳೆಗಾಲದಲ್ಲಿ ಒಣಗಲು ಬಹಳ ಹೊತ್ತು ಬೇಕು. ಅವಸರಕ್ಕೆ ಫ್ಯಾನ್ ಹಾಕಿದರೆ ಧೂಳು ಫಿಲ್ಮಿನ ಮೇಲಿನ ಒದ್ದೆ ಲೇಪಕ್ಕೆ (ಎಮಲ್ಷನ್) ಅಂಟಿ ಶಾಶ್ವತವಾಗಿ ಉಳಿಯುತ್ತದೆ.

ಕಾಲೇಜಿನಲ್ಲಿ ಪ್ರದರ್ಶನಕ್ಕೆಂದು ಪ್ರಿಂಟ್ ಹಾಕಿಸಿದರೆ ಕಪ್ಪು–ಬಿಳುಪು ಹಸಿರು ಛಾಯೆಗೆ ತಿರುಗಿದೆ. — ಓದುಗರು, ಮಣಿಪಾಲ

ಬಣ್ಣದ ಫೋಟೋಗಳಿಗೆಂದು ಇರುವ ಲ್ಯಾಬ್ ಯಂತ್ರಗಳು ಮೂರು ಬಣ್ಣ ಬೆರೆಸಿ ಬೂದಿ ಮಾಡುತ್ತವೆ. ಬೆರಕೆ ತುಸು ತಪ್ಪಿದರೂ ಹಸಿರೋ ನೇರಳೆಯೋ ಇಣುಕುತ್ತದೆ. ಫೈಲನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ವ್ಯವಸ್ಥೆಯಲ್ಲಿ ಕೊಟ್ಟು, ‘ಆಟೋ ಕರೆಕ್ಷನ್ ಬೇಡ’ ಎಂದು ಹೇಳಿ. ಒಂದೇ ಫೈಲಿನ ಸಣ್ಣ ಪ್ರಿಂಟ್ ಮೊದಲು ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಬೂದಿಗೇ ಪ್ರತ್ಯೇಕ ಶಾಯಿಗಳಿರುವ ಪಿಗ್ಮೆಂಟ್ ಇಂಕ್‌ಜೆಟ್‌ನಲ್ಲಿ, ಮ್ಯಾಟ್ ಕಾಗದದ ಮೇಲೆ ಹಾಕಿಸಿದರೆ ತೊಂದರೆ ಬಹುತೇಕ ತೀರುತ್ತದೆ, ಖರ್ಚು ಹೆಚ್ಚು. ಎ3 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕಾದರೆ 3508×4961 ಪಿಕ್ಸೆಲ್. 240 ಡಿಪಿಐ ಆದರೂ ನಡೆಯುತ್ತದೆ, ಅದಕ್ಕೆ ಸುಮಾರು 11 ಮೆಗಾಪಿಕ್ಸೆಲ್ ಸಾಕು. ಮ್ಯಾಟ್ ಕಾಗದದಲ್ಲಿ ನೆರಳು ಪರದೆಗಿಂತ ಮುಚ್ಚಿಕೊಳ್ಳುವುದರಿಂದ ಕಪ್ಪು ಭಾಗವನ್ನು ತುಸು ಎತ್ತಿಕೊಡಿ. ಫ್ರೇಮ್ ಹಾಕಿಸುವಾಗ ಪ್ರಿಂಟಿಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್‌ನ ಅಂತರ ಇರಲೇಬೇಕು. ಇಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಪ್ರಿಂಟ್ ಗಾಜಿಗೆ ಅಂಟಿಕೊಳ್ಳುತ್ತದೆ, ಎಳೆದರೆ ಚಿತ್ರವೇ ಕಿತ್ತುಬರುತ್ತದೆ. ಅಡಿಬರಹದಲ್ಲಿ ‘ಬಡತನ’, ‘ಹಸಿವು’ ಎಂದು ಬರೆಯಬೇಡಿ. ಜಾಗ, ತಿಂಗಳು, ನಡೆಯುತ್ತಿರುವ ಕೆಲಸ ಇಷ್ಟನ್ನೇ ಬರೆಯಿರಿ: ‘ಮೂಟೆ ಇಳಿಸುವುದು, ಬಂದರು, ಮಂಗಳೂರು, ನವೆಂಬರ್’.